ಗೌರಿ ಹಬ್ಬದ ತನಕ ತುಳಿದ ಸೈಕಲ್ಲು

ಆ ಸೈಕಲ್ಲು ಮನೆಗೆ ಬಂದ ದಿನ ನಿಂಬೆಹಣ್ಣನ್ನು ಎಲ್ಲಿಡುವುದೆಂದು ನಾನೂ ನಮ್ಮವರೂ ಸ್ವಲ್ಪ ಹೊತ್ತು ಯೋಚಿಸುತ್ತ ನಿಂತೆವು. ಹೊಸ ಗಾಡಿ ಬಂದರೆ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಅದರ ಮೇಲೆ ಒಂದು ಸಲ ಹತ್ತಿಸಿ, ಆಮೇಲೆ ಹೊರಡುವುದು ನಮ್ಮ ರೂಢಿ. ಬ್ರಿಸ್ಬೇನಿನಲ್ಲಿ ಕೊಂಡ ಹಳೆಯ ಕಾರಿಗೂ ಹಾಗೆಯೇ ಮಾಡಿದ್ದೆವು. ಆದರೆ ಇದು ಮನೆಯೊಳಗೆ ನಿಂತಲ್ಲೇ ತುಳಿಯುವ ಸೈಕಲ್ಲು. ಇದರ ಚಕ್ರ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಅಡಗಿತ್ತು, ನೆಲಕ್ಕೆ ತಾಗುತ್ತಲೇ ಇರಲಿಲ್ಲ.

“ಎಲ್ಲಿಗೂ ಹೋಗದೇ ಇರೋ ಗಾಡಿಗೆ ಯಾರ ದೃಷ್ಟಿ ತಾಗುತ್ತೆ, ಬಿಡು,” ಎಂದರು ಅವರು. ಹಾಗೆಂದರೂ ಸುಮ್ಮನಿರಲಿಲ್ಲ. ಸೈಕಲ್ಲನ್ನು ಜರುಗಿಸಲೆಂದು ಮುಂಭಾಗದಲ್ಲಿ ಕೂರಿಸಿದ್ದ ಎರಡು ಪುಟ್ಟ ಗಾಲಿಗಳನ್ನು ಅವರೇ ಕಂಡುಹಿಡಿದು, ಒಂದರ ಕೆಳಗೆ ಹಣ್ಣಿಟ್ಟು, ಹಿಂದಿನಿಂದ ಎತ್ತಿ ನೂಕಿದರು. ಹಣ್ಣು ಒಡೆಯಲಿಲ್ಲ. ಪುಟಿದು ಸೋಫಾದ ಕೆಳಗೆ ಹೋಯಿತು. ಹೈಸ್ಕೂಲಿನಲ್ಲಿದ್ದ ಮಗಳು ಬಾಗಿಲಲ್ಲಿ ನಿಂತು, “ಓ ಮೈ ಗಾಡ್, ಇಟ್ಸ್ ನಾಟ್ ಈವನ್ ಎ ವೆಹಿಕಲ್, ಅಮ್ಮ,” ಎಂದಳು.

ನಾವು ಆಗ ಅಡಿಲೇಡಿನ ಕಿಲ್ಬರ್ನ್‌ನಲ್ಲಿದ್ದೆವು. ರೈಲು ಹಳಿಯ ಆಚೆ ಕಾರ್ಖಾನೆಗಳು, ಈಚೆ ನಮ್ಮಂಥವರ ಹಳೆಯ ಇಟ್ಟಿಗೆ ಮನೆಗಳು. ಆ ವರ್ಷದ ಯುಗಾದಿಯ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕಿ ತೊಳೆದೆ. ರಂಗೋಲಿ ಡಬ್ಬಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ನಾನೇ ತೊಳೆದ ಟೈಲ್ಸಿನ ಮೇಲೆ ಕಾಲು ಜಾರಿತು. ಇಲ್ಲಿ ಯಾರೂ ಬೆಳಗಾಗೆದ್ದು ಹೊಸ್ತಿಲ ಮುಂದೆ ನೀರು ಚೆಲ್ಲುವುದಿಲ್ಲ. ಟೈಲ್ಸ್ ಮಾಡಿದವನಿಗೂ ಆ ಯೋಚನೆ ಬಂದಿರಲಾರದು. ಎಡ ಮೊಣಕಾಲ ಚಿಪ್ಪು ಬಿರುಕು ಬಿಟ್ಟಿತು. ಕಾಲನ್ನು ನೆಟ್ಟಗೆ ಕಟ್ಟಿ ಕೂರಿಸಿದರು. ಕಟ್ಟು ಬಿಚ್ಚುವ ಹೊತ್ತಿಗೆ ಅದು ನನ್ನ ಕಾಲಾಗಿ ಉಳಿದಿರಲಿಲ್ಲ, ಯಾರೋ ತಂದು ಜೋಡಿಸಿದ ಮರದ ತುಂಡಿನ ಹಾಗಿತ್ತು.

ಕಾಲಿಗೆ ವ್ಯಾಯಾಮ ಹೇಳಿಕೊಡಲು ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಇದ್ದಳು. ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ನಿಮಗೆ ಏನು ಮಾಡಲು ಬರಬೇಕು ಎಂದು ಮೊದಲ ದಿನವೇ ಕೇಳಿದಳು. ಮೆಟ್ಟಿಲು ಹತ್ತುವುದಾ, ಕಾರು ಓಡಿಸುವುದಾ, ತೋಟದ ಕೆಲಸವಾ?

ನೆಲದ ಮೇಲೆ ಕೂರಬೇಕು, ಎಂದೆ.

ನೆಲದ ಮೇಲಾ? ಯಾಕೆ? ಅವಳಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಹೇಗೆ ಕೂರುತ್ತೀರಿ, ತೋರಿಸಿ ಎಂದಳು. ನನ್ನಿಂದಾಗದೆ ನಮ್ಮವರೇ ಪ್ಯಾಂಟು ಮೇಲೆತ್ತಿಕೊಂಡು, ಆ ನುಣ್ಣನೆಯ ನೆಲದ ಮೇಲೆ ಊಟಕ್ಕೆ ಕೂತವರಂತೆ ಚಕ್ಕಳಮಕ್ಕಳ ಹಾಕಿ ಕೂತರು. ಅವಳು ಅವರ ಸುತ್ತ ಒಂದು ಸುತ್ತು ಬಂದಳು. ಆಮೇಲೆ ತಾನೂ ಎದುರಿಗೆ ಕೂತು ಪ್ರಯತ್ನಿಸಿದಳು. ಅವಳ ಮೊಣಕಾಲುಗಳೆರಡೂ ಗುಡ್ಡದ ಹಾಗೆ ಮೇಲೆದ್ದವು.

“ಈ ಹುಡುಗಿ ಎದ್ದು ಬಂದ್ರೆ ಸಾಕಪ್ಪ ಈಗ,” ಎಂದು ನಮ್ಮವರು ನನಗಷ್ಟೇ ಕೇಳುವಂತೆ ಗೊಣಗಿದರು.

ಅವಳು ಎದ್ದು, ಬಟ್ಟೆ ಕೊಡವಿಕೊಂಡು, ಮುಚ್ಚುಮರೆಯಿಲ್ಲದೆ ಹೇಳಿದಳು. ಕುರ್ಚಿಯಲ್ಲಿ ಕೂತೇಳುವ ಜನಕ್ಕೆ ಬೇಕಾದಷ್ಟು ಬಾಗು ಬಂದೇ ಬರುತ್ತದೆ. ನೀವು ಕೇಳುತ್ತಿರುವುದು ಅದಕ್ಕಿಂತ ಜಾಸ್ತಿ. ದಿನಾ ಸೈಕಲ್ ತುಳಿಯಿರಿ. ಈ ಚಳಿಗಾಲ ಮುಗಿಯುವುದರೊಳಗೆ ಎಷ್ಟು ಬಾಗುತ್ತದೋ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ, ನಾನು ಮಾತು ಕೊಡಲಾರೆ.

ಇಲ್ಲಿ ಚಳಿಗಾಲ ಮುಗಿಯುವುದು ಆಗಸ್ಟಿಗೆ, ಎಂದರೆ ನಮಗೆ ಗೌರಿ ಹಬ್ಬ. ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದ ಮಣೆಯೊಂದು ನಮ್ಮ ಮನೆಯಲ್ಲಿದೆ. ಪ್ರತಿ ವರ್ಷ ಅದರ ಮೇಲೆ ಕೂತು ಪೂಜೆ ಮಾಡಿ, ಬಾಗಿನ ಕೊಡುತ್ತಿದ್ದೆ. ಈ ಸಲ ಟೇಬಲ್ ಹಾಕೋಣ, ಕುರ್ಚಿಯಲ್ಲಿ ಕೂತರೆ ದೇವರೇನು ಬೇಡ ಅನ್ನುತ್ತಾಳಾ ಎಂದರು ಎಲ್ಲರೂ. ಬೇಡ ಅನ್ನುವುದಿಲ್ಲ, ಗೊತ್ತು. ನನಗೇ ಬೇಡವಾಗಿತ್ತು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವಾಗ, ಬಟ್ಟೆ ಮಡಚುವಾಗ, ಫೋನಿನಲ್ಲಿ ಮಾತಾಡುವಾಗ ನಾನು ನೆಲದ ಮೇಲೆಯೇ ಇದ್ದವಳು. ಕಾಲು ಕಟ್ಟಿದ್ದ ದಿನಗಳಲ್ಲಿ ನನ್ನ ಮನೆಯ ನೆಲ ಕೈಚಾಚಿದರೂ ಸಿಕ್ಕದಷ್ಟು ದೂರ ಹೋದ ಹಾಗೆ ಅನ್ನಿಸಿತ್ತು.

ಅಂತೂ ಸೈಕಲ್ಲು ದೇವರ ಕೋಣೆಯಲ್ಲಿ ನಿಂತಿತು. ದೇವರ ಕೋಣೆ ಎಂದರೆ ಮನೆಯ ಹಿಂಭಾಗದ ಚಿಕ್ಕ ರೂಮು, ಒಂದು ಮೂಲೆಯಲ್ಲಿ ದೇವರ ಕಪಾಟು, ಇನ್ನೊಂದು ಮೂಲೆಯಲ್ಲಿ ಹೀಟರು. ಅಡಿಲೇಡಿನ ಜೂನ್ ತಿಂಗಳಲ್ಲಿ ಹೀಟರ್ ಇದ್ದ ಕಡೆಯೇ ಸಂಸಾರ.

ಮೊದಮೊದಲು ಪೆಡಲು ಪೂರ್ತಿ ಸುತ್ತುತ್ತಲೇ ಇರಲಿಲ್ಲ. ಮುಂದೆ ಅರ್ಧ, ಹಿಂದೆ ಅರ್ಧ, ತೊಟ್ಟಿಲು ತೂಗಿದ ಹಾಗೆ. ಒಂದು ದಿನ ಹಾಗೆ ತೂಗುತ್ತಿರುವಾಗಲೇ ಕಾಲು ಮೇಲಿನ ತುದಿಯನ್ನು ದಾಟಿ ಆಚೆ ಬಿತ್ತು. ಒಂದು ಸುತ್ತು! ನಾನು ಕೂಗಿದ ಕೂಗಿಗೆ ನಮ್ಮವರು ಶೇವಿಂಗ್ ನೊರೆಯಲ್ಲೇ ಓಡಿಬಂದರು. ಅಲ್ಲಿಂದ ಮುಂದಿನ ಕೆಲಸ ಸೀಟಿನದು. ಸೀಟಿನ ಕಂಬದಲ್ಲಿ ಒಂದರ ಕೆಳಗೊಂದು ತೂತುಗಳಿದ್ದವು. ಸೀಟು ಒಂದು ತೂತು ಕೆಳಗಿಳಿದರೆ ಮೊಣಕಾಲು ಅಷ್ಟು ಹೆಚ್ಚು ಮಡಚಬೇಕು.

ಕಾಲು ಸುತ್ತಿದ ಮೇಲೆ ಮನಸ್ಸು ನಿಂತಿತು. ಈ ವಿಷಯ ನನಗೆ ಈಗಲೂ ಸೋಜಿಗ. ನೋವಿದ್ದಾಗ ಹಟ ಇತ್ತು. ನೋವು ಕಡಿಮೆಯಾದದ್ದೇ ಬೇಸರ ಶುರುವಾಯಿತು. ಹಿಂದೆ ಬ್ರಿಸ್ಬೇನಿನ ಫಾರೆಸ್ಟ್ ಲೇಕ್‌ನಲ್ಲಿದ್ದಾಗ ನಾನು ನಿಜವಾದ ಸೈಕಲ್ಲಿನಲ್ಲಿ ಕೆರೆಯ ಸುತ್ತ ಹೋಗುತ್ತಿದ್ದೆ. ಅಲ್ಲಿನ ಚಳಿಗಾಲ ಎಂದರೆ ಮೈಸೂರಿನ ಡಿಸೆಂಬರು, ಒಂದು ಸ್ವೆಟರಿಗೆ ಮುಗಿಯುವಂಥದ್ದು. ತಿರುವಿನಾಚೆ ಬಾತುಕೋಳಿಗಳಿವೆಯೋ, ಮೀನು ಹಿಡಿಯುವ ಮುದುಕ ಬಂದಿದ್ದಾನೋ ನೋಡೋಣ ಎಂದುಕೊಂಡೇ ಒಂದು ಸುತ್ತು ಮುಗಿದಿರುತ್ತಿತ್ತು. ಇಲ್ಲಿ ಎಷ್ಟು ತುಳಿದರೂ ಎದುರಿಗೆ ಅದೇ ಗೋಡೆ, ಅದೇ ಕ್ಯಾಲೆಂಡರು. ಕಿಟಕಿಯಾಚೆ ಮಳೆ ಅಡ್ಡಡ್ಡ ಬೀಳುತ್ತಿತ್ತು. ಸಹಸ್ರನಾಮ ಹಾಕಿಕೊಂಡು ನೋಡಿದೆ, ಕಣ್ಣೆಳೆಯಿತು. ಧಾರಾವಾಹಿ ಹಾಕಿದೆ, ಅತ್ತೆ ಸೊಸೆ ಜಗಳದಲ್ಲಿ ತುಳಿಯುವುದೇ ಮರೆಯಿತು. ನಮ್ಮವರು ಸೈಕಲ್ಲಿನ ಮೀಟರ್ ನೋಡಿ, “ಲೆಕ್ಕ ಹಾಕಿದ್ರೆ ನೀನು ಇವತ್ತು ಗಾಲರ್ ಊರು ದಾಟಿದೀಯ,” ಎನ್ನುತ್ತಿದ್ದರು. ದಾಟಿದ ಊರಿನ ಒಂದು ಮರವನ್ನೂ ಕಾಣದವಳಿಗೆ ಅದರಿಂದ ಏನು ಬಂತು? ಜೂನ್ ಮಧ್ಯದಲ್ಲಿ ಒಂದು ವಾರ ಸೈಕಲ್ಲಿನ ಹ್ಯಾಂಡಲ್ ಮೇಲೆ ಅವರ ಬನಿಯನ್ನುಗಳು ಒಣಗಿದವು.

ಇದು ಅಕ್ಕನಿಗೆ ಹೇಗೋ ತಿಳಿಯಿತು. ನನ್ನ ಸ್ವಂತ ಅಕ್ಕ ಇರುವುದು ಪರ್ತ್‌ನ ಎಲೆನ್‌ಬ್ರೂಕ್‌ನಲ್ಲಿ. ಈ ದೇಶದಲ್ಲಿ ನನಗೆ ತವರು ಎಂದರೆ ಅದೇ. ಆ ವರ್ಷದ ಗೌರಿ ಹಬ್ಬಕ್ಕೆ ಬರುತ್ತೇನೆಂದು ಟಿಕೆಟ್ಟನ್ನೂ ತೆಗೆದಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಭಾವ ಅವಳ ಹಳೆಯ ಸೈಕಲ್ಲಿನ ಹಿಂದಿನ ಚಕ್ರವನ್ನು ಒಂದು ಸ್ಟ್ಯಾಂಡಿಗೆ ಸಿಕ್ಕಿಸಿ ಗ್ಯಾರೇಜಿನಲ್ಲಿ ನಿಲ್ಲಿಸಿಕೊಟ್ಟಿದ್ದರು. ಗ್ಯಾರೇಜಿನ ಬಾಗಿಲನ್ನು ಅರ್ಧ ಎತ್ತಿಕೊಂಡು, ಬೀದಿ ನೋಡುತ್ತ ತುಳಿಯುವುದು ಅವಳ ಅಭ್ಯಾಸ.

“ನಾಳೆ ಆರ್ವೋ, ಮಧ್ಯಾಹ್ನ ಕಾಫಿ ಆದ್ಮೇಲೆ, ಫೋನ್ ಮಾಡ್ತೀನಿ. ಸ್ಪೀಕರ್ ಹಾಕ್ಕೊಂಡು ಸೈಕಲ್ ಮೇಲೆ ಕೂತ್ಕೊ,” ಎಂದಳು. “ಇಬ್ರೂ ತುಳಿಯೋಣ. ನಿನ್ ಸೈಕಲ್ ಕಿರ್ ಅನ್ನೋದು ನಂಗೆ ಕೇಳ್ತಾ ಇರ್ಬೇಕು. ನಿಂತ್ರೆ ನಾನೂ ಫೋನ್ ಇಟ್ಬಿಡ್ತೀನಿ.”

“ನೀನೇನು ಡ್ರಿಲ್ ಮಾಸ್ಟರಾ?” ಎಂದೆ ಮರುದಿನ, ಸೈಕಲ್ಲು ಹತ್ತಿದವಳೇ.

“ಮಾತಾಡಿದ್ದು ಸಾಕು, ತುಳಿ. ಎದುರು ಮನೇಲಿ ಒಬ್ಬ ಬಂದಿದಾನೆ ಕಣೆ. ಗ್ಯಾರೇಜಲ್ಲಿ ಏನೋ ಕಟ್ತಿದಾನೆ.”

“ಏನು?”

“ಅದೇ ಗೊತ್ತಾಗ್ತಿಲ್ಲ. ಉದ್ದುದ್ದ ಹಲಗೆ ಬಗ್ಗಿಸಿದಾನೆ. ಪಕ್ಕೆಲುಬು ಥರ ಕಾಣುತ್ತೆ. ಒಬ್ನೇ ಇದಾನೆ, ಯಾರ ಜೊತೇನೂ ಮಾತಿಲ್ಲ. ಅಪ್ಪನ ಹಾಗೇ ಎಡಚ ಕಣೆ! ಎಡಗೈಲಿ ಸುತ್ತಿಗೆ ಹಿಡಿಯೋದು ನೋಡಿದ್ರೆ ಅಪ್ಪ ಮಂಚ ರಿಪೇರಿ ಮಾಡ್ದಂಗೇ ಇರುತ್ತೆ.”

ಅಷ್ಟು ಸಾಕಾಯಿತು. ಮರುದಿನದಿಂದ ಮಧ್ಯಾಹ್ನದ ಕಾಫಿ ಮುಗಿಯುವುದನ್ನೇ ಕಾಯತೊಡಗಿದೆ. ಅವನು ಇವತ್ತು ಹಲಗೆಗೆ ಬಿಸಿನೀರಿನ ಬಟ್ಟೆ ಸುತ್ತಿದ. ಇವತ್ತು ಎರಡು ಪಕ್ಕೆಲುಬು ಕೂಡಿಸಿದ. ಇವತ್ತು ಸುಮ್ಮನೆ ನೋಡುತ್ತ ಕೂತಿದ್ದ. ನಮ್ಮ ಮನೆಯಲ್ಲಿ ಅದೇ ಮಾತು. ದೋಣಿ ಎಂದರು ನಮ್ಮವರು. “ಇಟ್ಸ್ ಎ ಕಾಫಿನ್, ಅಮ್ಮ. ಆಬ್ವಿಯಸ್ಲಿ,” ಎಂದಳು ಮಗಳು. ಕೋಳಿಗೂಡು ಇರಬಹುದೆಂದು ನನ್ನ ಊಹೆ. ಹಲಗೆ ಬಗ್ಗಿಸಿ ಯಾರಾದರೂ ಕೋಳಿಗೂಡು ಕಟ್ಟುತ್ತಾರಾ ಎಂದು ಎಲ್ಲರೂ ನಕ್ಕರು.

ಇಷ್ಟು ತುಳಿದರೂ ಕಾಲು ಮಾತ್ರ ಒಂದು ಹಂತದಲ್ಲಿ ನಿಂತುಬಿಟ್ಟಿತ್ತು. ಸೀಟು ಕೆಳಗಿಳಿಸಿದರೂ ಬಾಗು ಹೆಚ್ಚುತ್ತಿರಲಿಲ್ಲ. ಆಸ್ಪತ್ರೆಯ ಹುಡುಗಿ ಅಳೆದು, ಹುಬ್ಬು ಗಂಟಿಕ್ಕಿ, ಮನೆಯಲ್ಲಿ ಸರಿಯಾಗಿ ತುಳಿಯುತ್ತಿದ್ದೀರಾ ಎಂದು ಕೇಳಿದಳು. ಹೌದು ಎಂದೆ. ಅದು ಸುಳ್ಳಲ್ಲ ಎಂದೇ ನನ್ನ ನಂಬಿಕೆ.

ತಪ್ಪು ಹಿಡಿದವರು ಫಾರೆಸ್ಟ್ ಲೇಕ್‌ನ ನನ್ನ ಗೆಳತಿ. ಅಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು, ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ಮಸ್ಕತ್‌ನಲ್ಲಿ ಬಹಳ ವರ್ಷ ನರ್ಸ್ ಆಗಿದ್ದು ಬ್ರಿಸ್ಬೇನಿಗೆ ಬಂದವರು. ಒಂದು ಭಾನುವಾರ ಚರ್ಚಿನಿಂದ ಬಂದು ವಿಡಿಯೋ ಕಾಲ್ ಮಾಡಿದರು. ನಾನು ಫೋನನ್ನು ಹೀಟರ್ ಪಕ್ಕದ ಸ್ಟೂಲಿನ ಮೇಲಿಟ್ಟು ತುಳಿಯುತ್ತಲೇ ಮಾತಾಡಿದೆ.

“ನಿಲ್ಲಿ ನಿಲ್ಲಿ. ಎಂತ ಮಾರಾಯ್ರೆ, ಕಾಲಿಗೆ ಎಂತ ಹಾಕಿದ್ದೀರಿ ನೀವು?”

“ಸಾಕ್ಸು.”

“ಶೂ ಎಲ್ಲಿ?”

“ಮನೆಯೊಳಗೆ ಶೂ ಹಾಕ್ತಾರಾ? ಅದೂ ದೇವರ ಮುಂದೆ!”

ಅವರು ಕೈಯಿಂದ ಬಾಯಿ ಮುಚ್ಚಿಕೊಂಡರು. ನಗು ತಡೆಯುತ್ತಿದ್ದರೆಂದು ಕಾಣುತ್ತದೆ. ಆಮೇಲೆ ಹೇಳಿದರು: “ನಿಮ್ಮ ಕಾಲು ಪೆಡಲಿನ ಮೇಲೆ ಜಾರ್ತಾ ಉಂಟು. ಜಾರದ ಹಾಗೆ ನೀವು ಎಡ ಸೊಂಟ ಎತ್ತುತ್ತೀರಿ. ಸೊಂಟ ಎತ್ತಿದರೆ ಮೊಣಕಾಲು ಮಡಚುವ ಅಗತ್ಯ ಎಂತದ್ದು? ನೀವು ತುಳಿಯುವುದು ಸೊಂಟದಲ್ಲಿ ಮಾರಾಯ್ರೆ. ಹೀಗೆ ತುಳಿದರೆ ನಿಮ್ಮ ಮಣೆ ಗೋಡೆಗೆ ಒರಗಿಯೇ ಇರ್ತದೆ.”

ಜುಲೈ ಬಂದಾಗಿತ್ತು. ಇಷ್ಟು ದಿನ ಸೊಂಟ ಎತ್ತಿಕೊಂಡು, ಬಾಗಬೇಕಾದ ಒಂದೇ ಒಂದು ಜಾಗವನ್ನು ಬಾಗಿಸದೆ ತುಳಿದಿದ್ದೆ. ಆಸ್ಪತ್ರೆಯ ಹುಡುಗಿ ಅಲ್ಲಿ ತುಳಿಸಿ ನೋಡುವಾಗ ನನ್ನ ಕಾಲಲ್ಲಿ ಶೂ ಇರುತ್ತಿತ್ತು. ಹಾಗಾಗಿ ಅವಳಿಗೆ ಇದು ಕಾಣಲು ದಾರಿಯೇ ಇರಲಿಲ್ಲ. ಮನೆಯಲ್ಲಿ ಬರೀ ಸಾಕ್ಸಿನಲ್ಲಿ ತುಳಿಯಬಹುದೆಂದು ಅವಳೂ ಊಹಿಸಿರಲಿಲ್ಲ, ಅದನ್ನು ಹೇಳಬೇಕಾದ ವಿಷಯವೆಂದು ನನಗೂ ಹೊಳೆದಿರಲಿಲ್ಲ.

“ಸೈಕಲ್ಲನ್ನ ಹಾಲ್‌ಗೆ ತರೋಣ,” ಎಂದರು ನಮ್ಮವರು. ಹಾಲಿನಲ್ಲಿ ಹೀಟರ್ ಇಲ್ಲ. ಹೀಟರ್ ಬಿಡದೆ ದೇವರನ್ನೇ ಹಾಲಿಗೆ ತರೋಣವೆಂದರೆ ಎದುರಿಗೆ ಟೀವಿ. ಕೊನೆಗೆ ದಾರಿ ಹೇಳಿದವರೂ ಆ ಗೆಳತಿಯೇ. ಬೀದಿಯನ್ನೇ ಕಾಣದ ಹೊಸ ಶೂ ಒಂದು ಜೊತೆ ಇಟ್ಟುಕೊಳ್ಳಿ, ಅಂಗಡಿಯ ಪೆಟ್ಟಿಗೆಯಿಂದ ನೇರ ಪೆಡಲಿಗೆ, ಅದಕ್ಕೆಂತ ಮೈಲಿಗೆ ಎಂದರು. ಹಾಗೇ ಮಾಡಿದೆ. ಸೈಕಲ್ ಮೇಲೆ ಕೂತ ಮೇಲೆ ಮಗಳು ನನ್ನ ಕಾಲಿಗೆ ಶೂ ಹಾಕುತ್ತಿದ್ದಳು. ಇಳಿಯುವ ಮೊದಲು ಬಿಚ್ಚುತ್ತಿದ್ದಳು. ಆ ಶೂ ನೆಲವನ್ನೇ ಮುಟ್ಟಲಿಲ್ಲ. “ಯು ನೋ ಯು ಆರ್ ವಿಯರ್ಡ್, ರೈಟ್?” ಎಂದು ಲೇಸ್ ಕಟ್ಟುತ್ತ ದಿನಾ ಕೇಳುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ.

ಮೊದಲ ದಿನ ಶೂ ಹಾಕಿ, ಸೊಂಟ ಎತ್ತದೆ ತುಳಿದಾಗ ಕಣ್ಣಲ್ಲಿ ನೀರು ಬಂತು. ಹಳೆಯ ನೋವು ಮತ್ತೆ ಬಂದಿತ್ತು. ಈಗ ನನಗೆ ಎದುರು ಮನೆಯ ಆ ಮನುಷ್ಯ ಮೊದಲಿಗಿಂತ ಹೆಚ್ಚು ಬೇಕಾಗಿದ್ದ.

ಜುಲೈ ಕೊನೆಯಲ್ಲಿ ಒಂದು ದಿನ ಅಕ್ಕ ಹೇಳಿದಳು: “ಇವತ್ತು ನೋಡ್ಬೇಕಿತ್ತು ಕಣೆ. ಅದೇನಪ್ಪ ಅಂದ್ರೆ, ಎಡಗೈಲಿ ಹಲಗೆ ಒತ್ತಿ ಹಿಡ್ಕೊಂಡು, ಬಲಗೈಲಿ ಸುತ್ತಿಗೆ ಎತ್ತಿ ಪಟಪಟ ಅಂತ ಹೊಡೀತಿದ್ದ.”

ಬಲಗೈಯಲ್ಲಿ? ಎಡಚನ ಮಗಳು, ಅಪ್ಪ ಸುತ್ತಿಗೆ ಹಿಡಿಯುವುದನ್ನು ಬಾಗಿಲ ಮರೆಯಿಂದ ನನ್ನ ಜೊತೆ ನಿಂತು ನೋಡಿದವಳು, ಕಣ್ಣಾರೆ ಕಂಡು ಹೀಗೆ ಹೇಳಲಾರಳು. ನನ್ನ ಕಾಲು ಇನ್ನೇನು ನಿಲ್ಲುವುದರಲ್ಲಿತ್ತು. ನಿಂತರೆ ಸದ್ದು ನಿಲ್ಲುತ್ತದೆ, ಸದ್ದು ನಿಂತರೆ ಅವಳಿಗೆ ತಿಳಿಯುತ್ತದೆ. ತುಳಿಯುತ್ತಲೇ, “ಆಮೇಲೆ?” ಎಂದೆ.

ಅವತ್ತಿನಿಂದ ನನ್ನ ಕುತೂಹಲ ಜಾಗ ಬದಲಾಯಿಸಿತು. ಗ್ಯಾರೇಜಿನಲ್ಲಿ ಏನಿದೆ ಎಂಬುದಕ್ಕಿಂತ, ಅಕ್ಕ ಇವತ್ತು ಏನು ಕಟ್ಟುತ್ತಾಳೆ ಎಂದು ಕಾಯುವಂತಾಯಿತು. ನಮ್ಮಕ್ಕ ಚಿಕ್ಕಂದಿನಿಂದ ನೆಟ್ಟಗಿನ ಮಾತಿನವಳು. ಪರೀಕ್ಷೆಯಲ್ಲೂ ಕೇಳಿದಷ್ಟೇ ಬರೆದು ಎದ್ದು ಬರುತ್ತಿದ್ದವಳು. ಅಂಥವಳಿಗೆ ಇದೆಲ್ಲ ಎಲ್ಲಿಂದ ಬರುತ್ತಿತ್ತು? ಕಿವಿಗೊಟ್ಟು ಕೇಳಿದರೆ ಒಂದು ಗುಟ್ಟು ಸಿಕ್ಕಿತು. ಇಲ್ಲದ್ದನ್ನು ಹೇಳುವ ಮೊದಲು ಅವಳು “ಅದೇನಪ್ಪ ಅಂದ್ರೆ” ಎನ್ನುತ್ತಿದ್ದಳು. ಕಂಡದ್ದನ್ನು ಹೇಳುವಾಗ ಆ ಮಾತು ಬರುತ್ತಿರಲಿಲ್ಲ. ನಾನು ಬೇಕೆಂದೇ ಅಡ್ಡ ಪ್ರಶ್ನೆ ಹಾಕುತ್ತಿದ್ದೆ.

“ಅವನ ಕಿವೀಲಿ ಇವತ್ತೂ ಪೆನ್ಸಿಲ್ ಇತ್ತಾ?”

ಆ ಕಡೆ ನೀರು ಕುಡಿಯುವ ಸದ್ದು. “ಇತ್ತು. ಅದೇನಪ್ಪ ಅಂದ್ರೆ, ಇವತ್ತು ಪೆನ್ಸಿಲ್ ಬದ್ಲು ಚಾಕ್ ಪೀಸು.”

“ಕಿವೀಲಿ ಚಾಕ್ ಪೀಸಾ!”

“ಯಾಕೆ, ಇಟ್ಕೋಬಾರ್ದಾ? ನೀನು ತುಳಿ ಸುಮ್ನೆ.”

ನಗು ತಡೆದುಕೊಂಡು ತುಳಿಯುವಾಗ ಸೀಟು ಯಾವಾಗ ಇನ್ನೊಂದು ತೂತು ಇಳಿಯಿತೋ ಗೊತ್ತೇ ಆಗುತ್ತಿರಲಿಲ್ಲ. ಆಗಸ್ಟಿನಲ್ಲಿ ಆಸ್ಪತ್ರೆಯ ಹುಡುಗಿ ಅಳೆದು, ತಲೆಯೆತ್ತಿ ನನ್ನ ಮುಖ ನೋಡಿ, ಏನು ಮಾಡಿದಿರಿ ಎಂದಳು. ಶೂ ಹಾಕಿದೆ ಎಂದೆ. ಅಕ್ಕನ ವಿಷಯ ಇಂಗ್ಲಿಷಿನಲ್ಲಿ ಹೇಳಲು ಬರುವಂಥದ್ದಾಗಿರಲಿಲ್ಲ. ಕೂರಬಹುದಾ ಎಂದು ಕೇಳಿದ್ದಕ್ಕೆ, ನೋಡಿ, ಹೊಸ್ತಿಲಲ್ಲಿದ್ದೀರಿ, ಒತ್ತಾಯ ಮಾಡಬೇಡಿ ಎಂಬರ್ಥದ್ದೇನೋ ಹೇಳಿದಳು.

ಹಬ್ಬದ ಹಿಂದಿನ ದಿನ ಅಕ್ಕ ಬಂದಿಳಿದಳು. ಹಬ್ಬದ ಬೆಳಿಗ್ಗೆ ಅರಿಶಿನದ ಗೌರಿ ಮಾಡಿಟ್ಟು, ಮಣೆ ಹಾಕಿ, ಎಲ್ಲರೂ ನನ್ನ ಕಾಲನ್ನೇ ನೋಡುತ್ತ ನಿಂತರು. ನಮ್ಮವರು ಹಿಂದೆ ಒಂದು ಕುರ್ಚಿಯನ್ನು ಸಿದ್ಧವಾಗಿ ಹಿಡಿದಿದ್ದರು. ಅಕ್ಕನ ಭುಜ ಹಿಡಿದು ಮೆಲ್ಲಗೆ ಕೆಳಗಿಳಿದೆ. ಬಲಗಾಲು ತಾನಾಗಿ ಮಡಚಿಕೊಂಡಿತು. ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ ಒಳಗೆ ತಂದೆ. ಬಂತು. ಬಂದಷ್ಟೂ ಬಂತು. ಪೂರ್ತಿಯಲ್ಲ, ಮೊಣಕಾಲಿಗೂ ನೆಲಕ್ಕೂ ನಡುವೆ ಒಂದು ಸಂದು ಉಳಿಯಿತು. ಯಾರೂ ಹೇಳದೆ ಮಗಳು ಟವಲೊಂದನ್ನು ಸುತ್ತಿ ಆ ಸಂದಿನಲ್ಲಿಟ್ಟಳು. ಕಾಲು ಅದರ ಮೇಲೆ ಒರಗಿತು. ನಾನು ಮಣೆಯ ಮೇಲಿದ್ದೆ.

“ಕುರ್ಚಿ ಒಳಗಿಡ್ಲಾ?” ಎಂದರು ನಮ್ಮವರು.

ಪೂಜೆಯಾದ ಮೇಲೆ ಬಾಗಿನ. ಅಕ್ಕ ಎದುರಿಗೆ ಕೂತಳು. ಮೊರದ ಒಂದು ತುದಿ ನನ್ನ ಸೆರಗಿನ ಕೆಳಗೆ, ಇನ್ನೊಂದು ತುದಿ ಅವಳ ಸೆರಗಿನ ಕೆಳಗೆ. ಆ ಹೊತ್ತಿನಲ್ಲಿ ಬಾಗಿನ ಬಿಟ್ಟು ಏಳುವ ಹಾಗಿಲ್ಲ. ಇದೇ ಸಮಯ ಎಂದು ಕೇಳಿದೆ:

“ಈಗ ಹೇಳು, ಆ ಗ್ಯಾರೇಜಲ್ಲಿ ನಿಜವಾಗ್ಲೂ ಏನಿತ್ತು?”

ಅಕ್ಕ ನನ್ನನ್ನೇ ನೋಡಿದಳು. “ನಿಂಗೆ ಯಾವಾಗ ಗೊತ್ತಾಯ್ತು?”

“ಬಲಗೈಲಿ ಸುತ್ತಿಗೆ ಎತ್ತಿದ ದಿನ.”

“ಅಯ್ಯೋ, ಅಪ್ಪಾ!” ಎಂದು ಅವಳು ತುಟಿ ಕಚ್ಚಿದಳು. “ಮತ್ತೆ ಆವತ್ತೇ ಯಾಕೆ ಅನ್ಲಿಲ್ಲ?”

“ಇನ್ನೂ ಏನೇನು ಕಟ್ತೀಯ ನೋಡೋಣ ಅಂತ.”

“ಕಿವೀಲಿ ಚಾಕ್ ಪೀಸ್ ಇಡ್ಸಿದ್ದು ನೀನೇ ಕಣೆ! ಆವತ್ತು ನಂಗೆ ಬೆವರು ಬಂದ್ಬಿಟ್ಟಿತ್ತು.” ಮೊರ ಅಲುಗಿ, ಒಳಗಿದ್ದ ಬಳೆಗಳು ಸದ್ದು ಮಾಡಿದವು. ಆಮೇಲೆ ಮೆಲ್ಲಗೆ ಹೇಳಿದಳು. ಆ ಮನುಷ್ಯ ಇದ್ದದ್ದು, ಎಡಚನಾಗಿದ್ದದ್ದು, ಹಲಗೆ ಬಗ್ಗಿಸಿದ್ದು ಎಲ್ಲ ನಿಜ. ಜುಲೈ ನಡುವಿನಲ್ಲಿ ಒಂದು ಬೆಳಿಗ್ಗೆ ಟ್ರೇಲರ್ ತಂದು, ಟಾರ್ಪಾಲು ಮುಚ್ಚಿ, ಅದನ್ನು ಹೇರಿಕೊಂಡು ಹೋದವನು ಮತ್ತೆ ಬರಲಿಲ್ಲ. ಮನೆಯ ಮುಂದೆ ಬಾಡಿಗೆಗಿದೆ ಎಂಬ ಬೋರ್ಡು ಬಂತು. “ನೀನು ಆಗಷ್ಟೇ ಶೂ ಹಾಕ್ಕೊಂಡು ಅಳ್ತಾ ತುಳೀತಿದ್ದೆ. ಹೋದ ಅಂತ ಹೇಗೆ ಹೇಳೋದು?”

“ಅಂದ್ರೆ ಅದೇನು ಅಂತ ನಿಂಗೂ ಗೊತ್ತಿಲ್ಲ?”

“ನಂಗೂ ಗೊತ್ತಿಲ್ಲ.”

ಏಳುವ ಹೊತ್ತಿಗೆ ಇನ್ನೊಂದು ವಿಷಯ ತಿಳಿಯಿತು. ಕೂರುವುದನ್ನೇ ಯೋಚಿಸುತ್ತ, ಏಳುವುದು ಹೇಗೆಂದು ನಾನು ಆಸ್ಪತ್ರೆಯಲ್ಲಿ ಕೇಳಿಯೇ ಇರಲಿಲ್ಲ. ಕೊನೆಗೆ ಅಕ್ಕ ಮುಂದಿನಿಂದ, ನಮ್ಮವರು ಹಿಂದಿನಿಂದ ಹಿಡಿದು, ಮಗಳು ನಗುತ್ತ ನಗುತ್ತ ಕಾಲು ಬಿಡಿಸಿ, ಮೂವರೂ ಸೇರಿ ಎಬ್ಬಿಸಿದರು.

ಮರುದಿನ ಗಣೇಶನ ಮಂಗಳಾರತಿಯಾಗಿ, ಕಡುಬು ತಿಂದು, ಮನೆ ಶಾಂತವಾದ ಮೇಲೆ ಅಕ್ಕ ಕಾಫಿ ಲೋಟ ಹಿಡಿದುಕೊಂಡು ಹಿಂದಿನ ರೂಮಿಗೆ ಹೋದಳು. ಸೈಕಲ್ಲಿನ ಪಕ್ಕದ ಸ್ಟೂಲಿನ ಮೇಲೆ ಕೂತು ನನ್ನನ್ನು ಕರೆದಳು. ಮೊಣಕಾಲ ಸಂದಿಗೆಂದು ಸುತ್ತಿದ ಟವಲು ಇನ್ನೂ ಮಣೆಯ ಮೇಲೆಯೇ ಇತ್ತು. ಅವಳ ಕಣ್ಣು ಅದರ ಮೇಲಿತ್ತು.

“ಕೇಳು, ಆ ಟ್ರೇಲರ್ ಹೋಯ್ತಲ್ಲ, ಆವತ್ತು ಟಾರ್ಪಾಲು ಗಾಳಿಗೆ ಒಂದ್ಸಲ ಎದ್ದಿತ್ತು.”

“ಏನು ಕಾಣ್ತು? ಇದು ನಿಜಾನಾ, ಇಲ್ಲ ಇದೂ ಕಟ್ಟಿದ್ದಾ?”

“ಮೊದ್ಲು ಸೈಕಲ್ ಹತ್ತು,” ಎಂದಳು ಅಕ್ಕ.

ನಾನು ಹತ್ತಿದೆ. ಮಗಳು ಶೂ ತರಲು ಹೋದಳು.